ಚಿಕ್ಕಮ್ಮನಿಗೆಂದು ಹಾಕಿದ ಕಂಬಿ

ಬಾಗಿಲು ತೆರೆದ ಕೂಡಲೇ ನಾನು ಅವರನ್ನು ಬೈಯಲು ಶುರುಮಾಡಿದೆ.

ಬೈಯುವುದೆಂದರೆ ನನಗೆ ಬರುವ ರೀತಿಯಲ್ಲಿ. ದನಿ ಏರಿಸದೆ, ಒಂದೊಂದೇ ಮಾತನ್ನು ಆರಿಸಿಕೊಂಡು. "ಬರ್ತೀನಿ ಅಂದವರು ಬರಬೇಕು. ಆಗಲ್ಲ ಅಂದ್ರೆ ಒಂದು ಫೋನ್ ಮಾಡಬೇಕು. ದಿನಾ ಅರ್ಧ ದಿನ ರಜೆ ಹಾಕಿ ಕಾಯ್ತಾ ಕೂತಿದೀನಿ. ನಿಮಗೆ ಇದು ಸಣ್ಣ ಕೆಲಸ ಇರಬಹುದು. ನನಗಲ್ಲ."

ಬಾಗಿಲಲ್ಲಿ ನಿಂತವರು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗೆ ಅವಚಿಕೊಂಡಿದ್ದರು. ಏನೋ ಹೇಳಲು ಬಾಯಿ ತೆರೆದರು, ನನ್ನ ಮಾತು ಮುಗಿದಿರಲಿಲ್ಲವಾದ್ದರಿಂದ ಮುಚ್ಚಿದರು. ಕನ್ನಡಕದ ಹಿಂದಿನ ಕಣ್ಣುಗಳು ಮಾತ್ರ ನನ್ನನ್ನು ಬಹಳ ಗಮನವಿಟ್ಟು ಕೇಳುತ್ತಿದ್ದವು.

"ಬನ್ನಿ, ಸ್ನಾನದಮನೆ ಈ ಕಡೆ," ಎಂದೆ.

ಅವರು ಬಂದರು. ಗೋಡೆಯ ಟೈಲ್ಸ್ ಮುಂದೆ ಮಂಡಿಯೂರಿ ಕೂತು, ಬಿರುಕು ಬಿಟ್ಟಿದ್ದ ಒಂದರ ಮೇಲೆ ಬೆರಳಾಡಿಸಿದರು.

"ಇದು ಯಾರು ಮಾಡಿದ್ದು?"

"ನಾನೇ. ಮೊಳೆ ಹೊಡೆದು ನೋಡಿದೆ."

"ಯಾವಾಗಿಂದ ಹೀಗಿದೆ?"

"ಮೊನ್ನೆಯಿಂದ."

"ಮುಟ್ಟಿದ್ರೆ ಅಲ್ಲಾಡತ್ತಾ?"

"ಸ್ವಲ್ಪ."

"ಹ್ಞೂಂ. ಕೀಳೋದು ಬೇಡ. ಉಳಿಸ್ಕೋಬಹುದು."

ಆ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ನಾನು ಇಷ್ಟು ದಿನದಿಂದ ಕಾಯುತ್ತಿದ್ದ ಕೆಲಸದವರ ದನಿ. ಇವತ್ತೂ ಆಗುವುದಿಲ್ಲ ಮೇಡಂ, ದೊಡ್ಡ ಬಿಲ್ಡಿಂಗಿನ ಕೆಲಸ ಬಂದಿದೆ, ಮುಂದಿನ ತಿಂಗಳು ನೋಡೋಣ. ನಾನು ಫೋನ್ ಇಟ್ಟು, ಮಂಡಿಯೂರಿ ಕೂತವರನ್ನು ನೋಡಿದೆ.

"ಹಾಗಾದ್ರೆ ನೀವು ಯಾರು?"

"ಪಕ್ಕದ ಮನೆ. ಹೊಸದಾಗಿ ಬಂದಿದೀನಿ." ಪೆಟ್ಟಿಗೆಯನ್ನು ಸ್ವಲ್ಪ ಎತ್ತಿ ತೋರಿಸಿದರು. "ನಿಮ್ಮ ಪಾರ್ಸೆಲ್ ನಮ್ಮನೇಲಿ ಕೊಟ್ಟು ಹೋಗಿದ್ರು."

"ಹೇಳಬಹುದಿತ್ತಲ್ಲ."

"ನೀವು ನಿಲ್ಲಿಸ್ಲಿ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ಟೈಲ್ಸ್ ಕಾಣಿಸ್ತು, ಆಸಕ್ತಿ ಬಂತು."

"ಏನ್ ಕೆಲಸ ನಿಮ್ಮದು?"

"ಹಲ್ಲಿನ ಡಾಕ್ಟರು."

ಕಿವಿ ಬಿಸಿಯಾಗುವುದು ಎಂದರೇನು ಎಂದು ನನಗೆ ಅವತ್ತು ಸ್ಪಷ್ಟವಾಗಿ ಗೊತ್ತಾಯಿತು. ಕ್ಷಮೆ ಕೇಳಲು ಸರಿಯಾದ ಪದಗಳನ್ನು ಹುಡುಕುತ್ತಿರುವಾಗ ಅವರೇ ಎದ್ದು ನಿಂತು ಹೇಳಿದರು: "ಪರವಾಗಿಲ್ಲ. ನನ್ನ ನೋಡಿದ್ರೆ ದಿನಾ ಜನ ಹೆದರ್ತಾರೆ. ಬೈದವರು ನೀವೇ ಮೊದಲು. ಒಂಥರಾ ಚೆನ್ನಾಗಿತ್ತು."

ಪೆಟ್ಟಿಗೆಯೊಳಗೆ ಇದ್ದದ್ದು ಸ್ಟೀಲಿನ ಕಂಬಿಗಳು. ಗೋಡೆಗೆ ಹಾಕುವಂಥವು, ಹಿಡಿದುಕೊಂಡು ಏಳುವುದಕ್ಕೆ.

*

ಚಿಕ್ಕಮ್ಮ ಸೋಪಿನ ನೀರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆಮೇಲಿನದೇ ಸಮಸ್ಯೆ.

ನನ್ನನ್ನು ಹೈಸ್ಕೂಲಿನ ದಿನಗಳಿಂದ ಸಾಕಿದವಳು ಅವಳು. ಈ ಮನೆಯಲ್ಲಿ ನಾವಿಬ್ಬರೇ. ಅವಳ ಮಗ, ನನಗೆ ಅಣ್ಣನಾಗಬೇಕಾದವನು, ಊರಿನ ಇನ್ನೊಂದು ತುದಿಯ ಫ್ಲ್ಯಾಟಿನಲ್ಲಿದ್ದಾನೆ. ಅವನು ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಅಮ್ಮನ್ನ ಇನ್ನು ನಾನು ಕರ್ಕೊಂಡು ಹೋಗ್ತೀನಿ ಪುಟ್ಟೀ. ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಮತ್ತೆ ಬಿದ್ರೆ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ.

ಚಿಕ್ಕಮ್ಮ ಮಾತ್ರ ಹಾಸಿಗೆಯಿಂದಲೇ ನನ್ನ ಮಣಿಕಟ್ಟು ಹಿಡಿದುಕೊಂಡು ಪಿಸುಗುಟ್ಟಿದ್ದಳು. "ಅವರ ಮನೆ ಸೋಫಾ ಮೇಲೆ ಕೂತ್ರೆ ನನ್ನ ಕಾಲು ನೆಲಕ್ಕೇ ತಾಗಲ್ಲ ಕಣೇ. ಷೋಕೇಸಿನ ಗೊಂಬೆ ಥರ ಕೂತಿರಬೇಕು. ನನ್ನ ಮನೆಗೇ ಕರ್ಕೊಂಡು ಹೋಗು."

ಕೊನೆಗೆ ಪಂಚಾಯಿತಿ ತೀರಿಸಿದ್ದು ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ. ಸ್ನಾನದಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ ಬೇಕು, ಅಲ್ಲಿಗೆ ಹೋಗುವ ಪ್ಯಾಸೇಜಿನಲ್ಲಿ ಕಂಬಿ ಬೇಕು, ಮುಂಬಾಗಿಲ ಮೆಟ್ಟಿಲಿನ ಮೇಲೆ ಹಲಗೆಯ ಇಳಿಜಾರು ಬೇಕು. ಎಲ್ಲವೂ ಕೈಗೆ ಸರಿಯಾಗಿ ಸಿಗುವ ಹಾಗಿರಬೇಕು. "ಡಿಸ್ಚಾರ್ಜ್ ದಿನ ನಾನೇ ಜೊತೇಲಿ ಬಂದು ನೋಡ್ತೀನಿ. ಅವರು ಒಬ್ಬರೇ ಸ್ನಾನದಮನೆಗೆ ಹೋಗಿ ಒಬ್ಬರೇ ಹೊರಗೆ ಬಂದ್ರೆ ಅಲ್ಲೇ ಇರಲಿ. ಇಲ್ಲಾಂದ್ರೆ ಮಗನ ಮನೆ." ಇಬ್ಬರೂ ಒಪ್ಪಿದೆವು. ಭಾನುವಾರ ಡಿಸ್ಚಾರ್ಜ್.

ಇದನ್ನೆಲ್ಲ ನಾನು ಹಲ್ಲಿನ ಡಾಕ್ಟರಿಗೆ ಅವತ್ತೇ ಹೇಳಿಬಿಟ್ಟೆ. ಅಪರಿಚಿತರಿಗೆ ಅಷ್ಟೊಂದು ಹೇಳುವವಳಲ್ಲ ನಾನು. ಬೈದಮೇಲೆ ಏನಾದರೂ ಕೊಡಬೇಕಲ್ಲ, ಕಾರಣ ಕೊಟ್ಟೆ.

ಅವರು ಕೇಳಿಸಿಕೊಂಡು ಕಂಬಿಯೊಂದನ್ನು ಕೈಯಲ್ಲಿ ತೂಗಿ ನೋಡಿದರು. "ಕ್ಲಿನಿಕ್ ಸಂಜೆ ಬೇಗ ಮುಚ್ತೀನಿ. ಡ್ರಿಲ್ ಇದೆ ನನ್ನ ಹತ್ರ."

"ಗೋಡೆ ಕೊರೆದಿದೀರಾ ಮೊದಲು?"

"ಇಲ್ಲ. ಆದ್ರೆ ಅದಕ್ಕಿಂತ ಗಟ್ಟಿ ಇರೋದನ್ನ ದಿನಾ ಕೊರೀತೀನಿ. ಗೋಡೇಲಿ ಒಂದು ಅನುಕೂಲ ಇದೆ, ನಾಲಿಗೆ ಅಡ್ಡ ತರಲ್ಲ."

*

ನನ್ನ ಕೆಲಸ ಮಿಕ್ಸಿ, ಗೀಸರು, ವಾಷಿಂಗ್ ಮಷೀನುಗಳ ಜೊತೆ ಬರುವ ಪುಸ್ತಿಕೆ ಬರೆಯುವುದು. ಅದರಲ್ಲೂ ಎಚ್ಚರಿಕೆಯ ಪುಟ ನನ್ನದು. ಒದ್ದೆ ಕೈಯಿಂದ ಮುಟ್ಟಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕೆಡುಕು ಎಲ್ಲೆಲ್ಲಿ ಅಡಗಿ ಕೂತಿರಬಹುದು ಎಂದು ಊಹಿಸಿ ಬರೆದರೆ ಸಂಬಳ ಕೊಡುತ್ತಾರೆ. ಕೊಡದಿದ್ದರೂ ನಾನು ಊಹಿಸುತ್ತಲೇ ಇರುತ್ತಿದ್ದೆ.

ಹಾಗಾಗಿ ಮೊದಲ ಸಂಜೆ ಅವರು ಡ್ರಿಲ್ ತಂದಾಗ, ಅದರ ಪುಸ್ತಿಕೆಯನ್ನು ನಾನು ಜೋರಾಗಿ ಓದಿದೆ. ಎಚ್ಚರಿಕೆಯ ಪುಟದಿಂದಲೇ.

"ಇದನ್ನ ಬರೆದೋರು ಯಾರೋ ತುಂಬಾ ಹೆದರಿದ್ದಾರೆ," ಎಂದರು ಅವರು, ಟೈಲ್ಸ್ ಮೇಲೆ ಡ್ರಿಲ್ಲಿನ ಮೊನೆ ಜಾರದಿರಲೆಂದು ಕಾಗದದ ಟೇಪು ಅಂಟಿಸುತ್ತಾ.

"ನಾನಾಗಿದ್ರೆ ಇನ್ನೂ ಒಂದು ಸೇರಿಸ್ತಿದ್ದೆ."

"ಏನಂತ?"

"ಕೊರೆಯುವಾಗ ಪಕ್ಕದಲ್ಲಿರುವವರ ಮುಖ ನೋಡಬೇಡಿ."

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಟ್ಟನೆ ಗೋಡೆಗೆ ತಿರುಗಿದರು. ಈ ಸಲ ಕೆಂಪಾದ ಕಿವಿ ನನ್ನದಲ್ಲ.

ಡ್ರಿಲ್ ಒತ್ತುವ ಮುಂಚೆ ಅವರು ಮೆಲ್ಲಗೆ ಹೇಳಿದರು: "ಈಗ ಸ್ವಲ್ಪ ಶಬ್ದ ಬರತ್ತೆ. ನೋವಾಗಲ್ಲ."

"ಯಾರಿಗೆ ಹೇಳ್ತಿದೀರಾ?"

ಅವರು ಒಂದು ಕ್ಷಣ ಯೋಚಿಸಿದರು. "ಗೋಡೆಗೆ ಅನ್ಸತ್ತೆ. ಅಭ್ಯಾಸ."

ನಾನು ನಕ್ಕೆ. ಆಂಬುಲೆನ್ಸ್ ಬಂದು ಹೋದ ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಖಾಲಿ ಸ್ನಾನದಮನೆಯಲ್ಲಿ ನನ್ನ ನಗೆಯೇ ದೊಡ್ಡದಾಗಿ ಕೇಳಿಸಿ, ನಾನೇ ಬೆಚ್ಚಿದೆ.

ಕಂಬಿ ಎಲ್ಲಿಗೆ ಹಾಕಬೇಕು ಎನ್ನುವ ಪ್ರಶ್ನೆ ಬಂತು. ನಾನು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಚಿಕ್ಕಮ್ಮ ಏಳುವ ಹಾಗೆ ಒಂದು ಕೈಯನ್ನು ಗೋಡೆಗೆ ಚಾಚಿ ಮೇಲೇಳಲು ನೋಡಿದೆ.

"ಹಾಗೇ ಇರಿ," ಎಂದರು ಅವರು.

ಪೆನ್ಸಿಲ್ಲಿನ ಸದ್ದು. ನನ್ನ ಅಂಗೈಯ ಸುತ್ತ, ಹೆಬ್ಬೆರಳಿನ ತಿರುವಿನಲ್ಲಿ, ಒಂದೊಂದು ಬೆರಳ ನಡುವೆ ಇಳಿದು ಏರಿ ಪೆನ್ಸಿಲ್ಲು ನಿಧಾನವಾಗಿ ಸಾಗಿತು. ಎಲ್ಲೂ ನನ್ನನ್ನು ಮುಟ್ಟಲಿಲ್ಲ. ಮುಟ್ಟದೆ ಹೋದದ್ದೇ ಹೆಚ್ಚು ತಿಳಿಯುತ್ತಿತ್ತು. ನಾನು ಕಣ್ಣು ತೆರೆಯಲಿಲ್ಲ. ತೆರೆಯಬೇಕಾಗಿತ್ತು, ಬಹುಶಃ. ತೆರೆದಿದ್ದರೆ ಯೋಚನೆ ಮಾಡುತ್ತಿದ್ದೆ.

ಮರುದಿನ ಪ್ಯಾಸೇಜು. ನಾನು ವಾಕರ್ ಹಿಡಿದವಳ ಹಾಗೆ ಕಾಲೆಳೆದು ನಡೆದೆ. ನನ್ನ ಕೈ ಗೋಡೆಗೆ ತಾಗಿದಲ್ಲೆಲ್ಲ ಅವರು ಗುರುತು ಹಾಕಿದರು. ಗುರುತುಗಳನ್ನು ಸೇರಿಸಿ ಗೆರೆ ಎಳೆದು, ಸಮವಾಗಿದೆಯೇ ಎಂದು ನೋಡಲು ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಎರಡು ತಲೆಗಳು ಅಷ್ಟು ಹತ್ತಿರ ಬಂದದ್ದು ಗುಳ್ಳೆಯನ್ನು ನೋಡುವುದಕ್ಕಾಗಿಯೇ ಎಂದು ಇಬ್ಬರೂ ನಟಿಸಿದೆವು.

*

ಇಳಿಜಾರನ್ನು ಗ್ಯಾರೇಜಿನಲ್ಲಿ ಮಾಡಿದೆವು. ನಮಗೆ ಕಾರಿಲ್ಲ. ಆ ಗ್ಯಾರೇಜಿನಲ್ಲಿ ಇದ್ದದ್ದು ಮುರಿದ ಕುರ್ಚಿಗಳು, ಬಣ್ಣದ ಡಬ್ಬಗಳು, ಒಂದು ಹಳೆಯ ಬಾಗಿಲು. ಬಾಗಿಲು ಗಟ್ಟಿಯಾಗಿತ್ತು. ಅದನ್ನೇ ಕೊಯ್ದು, ಅಡಿಯಲ್ಲಿ ಪಟ್ಟಿ ಕೊಟ್ಟು, ಮೆಟ್ಟಿಲಿನ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು.

ಅವರು ಗರಗಸ ಹಿಡಿದರು, ನಾನು ಹಲಗೆ ಹಿಡಿದೆ. ಒಂದು ತುದಿ ಕೊಂಚ ಸೊಟ್ಟಗೆ ಕೊಯ್ದು ಹೋಯಿತು.

"ಇದನ್ನ ಯಾರಿಗೂ ಹೇಳ್ಬೇಡಿ."

"ಕಾಣಿಸತ್ತೆ."

"ಕಾಣಿಸ್ಲಿ. ನೀವು ಹೇಳ್ಬೇಡಿ."

ಹಲಗೆಗೆ ಉಪ್ಪುಕಾಗದ ಉಜ್ಜುತ್ತಾ ಎದುರುಬದುರು ಕೂತಿರುವಾಗ ಮಾತು ತಾನಾಗಿ ಬರುತ್ತದೆ. ಕೈಗೆ ಕೆಲಸ ಇರುವುದರಿಂದ ಕಣ್ಣಿಗೆ ಎಲ್ಲಿ ನೋಡಬೇಕೆಂಬ ಕಷ್ಟ ಇರುವುದಿಲ್ಲ. ಅವರಿಗೆ ಮದುವೆಯಾಗಿತ್ತು, ಮುಗಿದಿತ್ತು. "ಜಗಳ ಏನಿಲ್ಲ. ಅವಳಿಗೆ ನನ್ನ ಜೊತೆ ಬೇಜಾರಾಗ್ತಿತ್ತು. ನಾನು ಪ್ರತಿಯೊಂದನ್ನೂ ಮಾಡೋ ಮುಂಚೆ ಹೇಳ್ತೀನಂತೆ. ಈಗ ಲೈಟ್ ಆಫ್ ಮಾಡ್ತೀನಿ, ಈಗ ಕಾರು ತಿರುಗಿಸ್ತೀನಿ. ಸರ್‌ಪ್ರೈಸೇ ಇಲ್ಲ ನಿಮ್ಮ ಹತ್ರ ಅಂದ್ಳು."

ನನಗೆ ಸರ್‌ಪ್ರೈಸುಗಳೆಂದರೆ ಆಗುವುದಿಲ್ಲ. ಆದರೆ ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ಅದು ಏನೇನೋ ಅರ್ಥ ಕೊಡುವ ಸಾಧ್ಯತೆಯಿತ್ತು.

"ನಿಮಗೆ ಯಾವಾಗಲೂ ಭಯಾನಾ?" ಎಂದು ಕೇಳಿದರು ಅವರು. ಗೇಲಿ ಮಾಡಿದ ಹಾಗಿರಲಿಲ್ಲ, ಎಲ್ಲಿ ನೋವು ಎಂದು ಕೇಳಿದ ಹಾಗಿತ್ತು.

"ಯಾವಾಗಲೂ ಇಲ್ಲ. ನಿದ್ದೆ ಮಾಡುವಾಗ ಕಮ್ಮಿ."

"ಈಗ?"

ನಾನು ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದೆ. "ಈಗ ಇರೋದು ಬೇರೆ ಥರದ್ದು."

ಅವರ ಕೈ ನಿಂತಿತು. ಏನೋ ಕೇಳುವವರಿದ್ದರು. ಅಷ್ಟರಲ್ಲಿ ಅಣ್ಣನ ಫೋನ್ ಬಂತು. ಅಮ್ಮನಿಗೆಂದು ತನ್ನ ಮನೆಯಲ್ಲಿ ರೂಮು ರೆಡಿ ಮಾಡಿದ್ದಾನಂತೆ, ಹೊಸ ಮಂಚ ತಂದಿದ್ದಾನಂತೆ. "ಬೇಕಾಗದೇ ಇದ್ರೆ ಸಂತೋಷ. ಬೇಕಾದ್ರೆ ಇರಲಿ ಅಂತ," ಎಂದ. ಫೋನ್ ಇಟ್ಟಮೇಲೆ ಆ ಹೊಸ ಮಂಚ ಗ್ಯಾರೇಜಿನ ನಡುವೆ ಬಂದು ಕೂತ ಹಾಗಾಯಿತು. ಇಬ್ಬರೂ ಮತ್ತೆ ಉಜ್ಜತೊಡಗಿದೆವು.

ಶನಿವಾರ ಎಲ್ಲವೂ ಮುಗಿಯಿತು. ಅವರು ಸ್ನಾನದಮನೆಯ ಕಂಬಿಗೆ ತಮ್ಮ ಇಡೀ ಭಾರ ಹಾಕಿ ಜೋತುಬಿದ್ದು ತೋರಿಸಿದರು. "ನೀವೂ ನೋಡಿ."

"ಬಿಟ್ರೆ?"

"ಬಿಡಲ್ಲ. ಬಿಟ್ರೂ ಹಿಂದೆ ನಾನಿದೀನಿ."

ನಾನು ಕಂಬಿ ಹಿಡಿದು ಹಿಂದಕ್ಕೆ ವಾಲಿದೆ. ಮೊದಲು ಸ್ವಲ್ಪ. ಆಮೇಲೆ ಪೂರ್ತಿ. ಬೆನ್ನ ಹಿಂದೆ ಅವರ ಎರಡು ಕೈಗಳು ಗಾಳಿಯಲ್ಲಿ ಕಾಯುತ್ತಿವೆ ಎಂದು ನೋಡದೆಯೂ ಗೊತ್ತಾಗುತ್ತಿತ್ತು. ಕಂಬಿ ಕದಲಲಿಲ್ಲ. ನನ್ನ ಇಡೀ ಭಾರವನ್ನು ಯಾವುದರ ಮೇಲಾದರೂ ಹಾಕಿ ಎಷ್ಟು ಕಾಲವಾಗಿತ್ತು ಎಂದು ನೆನಪಿಗೆ ಬರಲಿಲ್ಲ.

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು, ನನ್ನ ಅಭ್ಯಾಸದಂತೆ, ಎರಡೂ ಕಡೆಯಿಂದ ಯೋಚಿಸಿದೆ. ಪೆನ್ಸಿಲ್ಲು ನಿಧಾನವಾಗಿ ಸಾಗಿತ್ತು, ನಿಜ. ಆದರೆ ಹಲ್ಲಿನ ಡಾಕ್ಟರ ಕೈ ಯಾವಾಗಲೂ ನಿಧಾನವೇ. ಅವರು ನನ್ನ ಜೊತೆ ಮೆಲ್ಲಗೆ ಮಾತಾಡುತ್ತಾರೆ, ನಿಜ. ಆದರೆ ಗೋಡೆಯ ಜೊತೆಗೂ ಹಾಗೇ ಮಾತಾಡುತ್ತಾರೆ. ನಾಳೆಯಿಂದ ಕೊರೆಯಲು ಏನೂ ಉಳಿದಿಲ್ಲ. ನಾಳೆಯಿಂದ ಅವರು ಬರಲು ಕಾರಣವಿಲ್ಲ.

*

ಭಾನುವಾರ ಬೆಳಿಗ್ಗೆ ಅಣ್ಣನ ಕಾರು ಬಂತು. ಹಿಂದೆ ಫಿಸಿಯೋಥೆರಪಿ ಮೇಡಂ ತಮ್ಮ ಸ್ಕೂಟರಿನಲ್ಲಿ. ಹಲ್ಲಿನ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು.

ಚಿಕ್ಕಮ್ಮ ವಾಕರ್ ಹಿಡಿದು ಇಳಿಜಾರಿನ ಮೇಲೆ ಕಾಲಿಟ್ಟಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಹಲಗೆ ಕಿರುಗುಟ್ಟಲಿಲ್ಲ, ಜಾರಲಿಲ್ಲ. ಮೇಲೆ ಬಂದು ನಿಂತು ಅವಳು ಕೇಳಿದಳು, "ಈ ತುದಿ ಯಾಕೆ ಸೊಟ್ಟಗಿದೆ?"

ಹೇಳಬೇಡಿ ಎಂದಿದ್ದರಲ್ಲ, ನಾನು ಅವಳ ಚೀಲ ಎತ್ತಿಕೊಂಡೆ.

"ಇವರು ಡಾಕ್ಟರು," ಎಂದು ಪರಿಚಯ ಮಾಡಿಸಿದೆ. "ಪಕ್ಕದ ಮನೆ. ಎಲ್ಲಾ ಇವರೇ ಹಾಕಿದ್ದು."

"ನಾನೂ ಕಂಬಿ ಎಣಿಸೋ ಹಾಗೆ ಮಾಡಿದ್ರಲ್ಲ ಡಾಕ್ಟ್ರೇ," ಎಂದು ಚಿಕ್ಕಮ್ಮ ನಕ್ಕು ಪ್ಯಾಸೇಜಿಗೆ ತಿರುಗಿದಳು.

ಫಿಸಿಯೋಥೆರಪಿ ಮೇಡಂ ವಾಕರನ್ನು ಪಕ್ಕಕ್ಕೆ ಸರಿಸಿ, "ಈಗ ಕಂಬಿ ಹಿಡ್ಕೊಂಡು ಬನ್ನಿ," ಎಂದರು.

ಚಿಕ್ಕಮ್ಮ ಕೈ ಎತ್ತಿದಳು. ಇನ್ನೂ ಎತ್ತಿದಳು. ಕಂಬಿ ಅವಳ ಎದೆಮಟ್ಟಕ್ಕಿತ್ತು. ಅದನ್ನು ಹಿಡಿದವಳ ಭುಜ ಕಿವಿಯ ಹತ್ತಿರ ಹೋಯಿತು. ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬೀಳುವ ಸ್ಕೂಲ್ ಹುಡುಗಿಯ ಹಾಗೆ ಅವಳು ನಿಂತಿದ್ದಳು, ನನ್ನ ಚಿಕ್ಕಮ್ಮ, ನನ್ನ ಭುಜದವರೆಗೂ ಬರದ ಚಿಕ್ಕಮ್ಮ.

ಸ್ನಾನದಮನೆಯಲ್ಲಿ ಇನ್ನೂ ಕೆಟ್ಟದಾಗಿತ್ತು. ಸ್ಟೂಲಿನ ಮೇಲೆ ಕೂತರೆ ಕಂಬಿ ಅವಳ ತಲೆಯ ನೇರಕ್ಕಿತ್ತು.

ಪ್ರಪಂಚದಲ್ಲಿ ಏನೇನು ಕೆಡಬಹುದೋ ಎಲ್ಲವನ್ನೂ ಊಹಿಸಿದ್ದ ನಾನು ಇದೊಂದನ್ನು ಊಹಿಸಿರಲಿಲ್ಲ. ಡಾಕ್ಟರ ಮುಖ ನೋಡಿದೆ. ಅವರು ಗೋಡೆಯನ್ನು ನೋಡುತ್ತಿದ್ದರು, ತಪ್ಪು ಹಲ್ಲು ಕಿತ್ತವರ ಹಾಗೆ.

"ಪುಟ್ಟೀ, ನನಗೇನೂ ಕೋಪ ಇಲ್ಲ," ಎಂದ ಅಣ್ಣ. ಅವನ ದನಿ ನಿಜವಾಗಿಯೂ ಮೆತ್ತಗಿತ್ತು. "ನೀನು ಎಷ್ಟು ಒದ್ದಾಡಿದೀಯ ಅಂತ ಕಾಣಿಸತ್ತೆ. ಆದ್ರೆ ಮಾತಾಡ್ಕೊಂಡ ಹಾಗೆ. ಕಾರು ಹೊರಗಡೇನೇ ಇದೆ. ಬಾಮ್ಮ."

"ಇರೋ," ಎಂದಳು ಚಿಕ್ಕಮ್ಮ. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕಂಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದಳು. "ಇದಕ್ಕೆ ಅಳತೆ ಹಾಕಿದ್ದು ಯಾರು?"

ಡಾಕ್ಟರು ಒಂದು ಹೆಜ್ಜೆ ಮುಂದೆ ಬಂದರು. "ನಾನು."

"ಯಾರನ್ನ ನೋಡ್ಕೊಂಡು?"

ಅವರು ನನ್ನತ್ತ ಕೈ ತೋರಿಸಿದರು. "ಇವರನ್ನ."

"ಎಲ್ಲಾ ಕಂಬಿಗೂ?"

"ಎಲ್ಲಾದಕ್ಕೂ."

"ಕಂಬಿ ಹಿಡ್ಕೊಳ್ಳೋಳು ಎಷ್ಟೆತ್ತರ ಇದ್ದಾಳೆ ಅಂತ ಒಂದು ಸಲಾನೂ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಆವಾಗ," ಎಂದರು ಡಾಕ್ಟರು, ಕನ್ನಡಕ ತೆಗೆದು ಒರೆಸುತ್ತಾ, "ಆವಾಗ ಅನ್ನಿಸಲಿಲ್ಲ."

ಫಿಸಿಯೋಥೆರಪಿ ಮೇಡಂ ಏನೋ ನೋಡುವವರ ಹಾಗೆ ಕಿಟಕಿಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು.

ಚಿಕ್ಕಮ್ಮ ಮಗನನ್ನು ಕರೆದಳು. "ಕೇಳಿಲ್ಲಿ. ಈ ಹುಡುಗಿ ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಬರ್ತಾಳೆ. ಬೀಗ ಎಳೆದು ಎಳೆದು ನೋಡ್ತಾಳೆ. ಊರಿಗೆಲ್ಲ ಎಚ್ಚರಿಕೆ ಬರೆಯೋಳು, ನನ್ನ ಎತ್ತರ ಮರೆತಿದ್ದಾಳೆ ಅಂದ್ರೆ ಅದು ಸುಮ್ನೆ ಅಲ್ಲ. ನಾನು ಎಲ್ಲಿಗೂ ಬರಲ್ಲ. ಇಲ್ಲಿ ಏನೋ ನಡೀತಿದೆ, ಅದು ಏನಾಗತ್ತೆ ನೋಡ್ಬೇಕು."

"ಅಮ್ಮ, ಇದು ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ. ಇನ್ನೊಂದು ಸಲ ಹಾಕ್ಲಿ. ಗೋಡೆ ಇನ್ನೂ ಇದೆಯಲ್ಲ."

ನಾನು ತಲೆ ಎತ್ತಲೇ ಇಲ್ಲ. ನೆಲದ ಟೈಲ್ಸ್ ನಡುವಿನ ಗೆರೆಗಳನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಕ್ಕಿಲ್ಲ.

ಫಿಸಿಯೋಥೆರಪಿ ಮೇಡಂ ಗಂಟಲು ಸರಿಮಾಡಿಕೊಂಡರು. "ಈ ಕಡೆ ಇನ್ನೂ ಒಬ್ಬರ ಮನೆಗೆ ಹೋಗೋದಿದೆ. ಸಂಜೆ ಈ ದಾರೀಲೇ ವಾಪಸ್ ಬರ್ತೀನಿ. ಅಷ್ಟರಲ್ಲಿ ಆದ್ರೆ ನೋಡ್ತೀನಿ. ಆಗದಿದ್ರೆ ಇವತ್ತೇ ಮಗನ ಜೊತೆ ಹೋಗ್ತಾರೆ. ಅರ್ಧಂಬರ್ಧ ಬೇಡ."

*

ಹಾಕಿದ ಕಂಬಿಗಳನ್ನು ಆತುರದಲ್ಲಿ ಬಿಚ್ಚಿದರೆ ಟೈಲ್ಸ್ ಒಡೆಯಬಹುದು, ಮೊದಲು ಕೆಳಗೆ ಹೊಸದು ಹಾಕೋಣ, ಹಳೆಯದನ್ನು ಆಮೇಲೆ ನಿಧಾನವಾಗಿ ತೆಗೆಯೋಣ ಎಂದರು ಡಾಕ್ಟರು. ಹೊಸ ಕಂಬಿ ಎಲ್ಲಿಂದ ತರುವುದು?

ಅಣ್ಣ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಿದ್ದ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡ. "ಭಾನುವಾರ ಯಾವ ಅಂಗಡಿ ತೆಗೆದಿರತ್ತೋ ನೋಡ್ತೀನಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದ. ಬರುವಾಗ ಕಂಬಿಗಳ ಜೊತೆ ಬ್ರೆಡ್ಡು, ಬಾಳೆಹಣ್ಣು, ಎಲ್ಲರಿಗೂ ಟೀ ತಂದಿದ್ದ.

ಚಿಕ್ಕಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಕೈಯನ್ನು ಗೋಡೆಗೆ ಇಡಿಸಿದೆವು. ಡಾಕ್ಟರು ಪೆನ್ಸಿಲ್ ಹಿಡಿದು ಅವಳ ಬೆರಳುಗಳ ಸುತ್ತ ಬರೆಯತೊಡಗಿದರು.

"ಕಚಗುಳಿ ಆಗತ್ತೆ," ಎಂದಳು ಅವಳು. "ಡಾಕ್ಟ್ರೇ, ಅವಳ ಕೈಗೂ ಹೀಗೇ ಬರೆದ್ರಾ?"

"ಹೌದು."

"ಇಷ್ಟೇ ನಿಧಾನಕ್ಕಾ?"

ಪೆನ್ಸಿಲ್ಲು ನಿಂತಿತು. "ಇನ್ನೂ ಸ್ವಲ್ಪ ನಿಧಾನಕ್ಕೆ," ಎಂದರು ಅವರು.

ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆರೆದು ಮುಖವನ್ನು ಅದರೊಳಗೆ ಇಟ್ಟುಕೊಂಡು ನಿಂತೆ.

ಡ್ರಿಲ್ಲಿನ ಮೊನೆ ಬಿಸಿಯಾಗದ ಹಾಗೆ ನೀರು ಚಿಮುಕಿಸುವ ಕೆಲಸ ಅಣ್ಣನಿಗೆ ಬಂತು. ಮೊದಲು ಮುಖ ಗಂಟುಹಾಕಿಕೊಂಡೇ ಚಿಮುಕಿಸಿದ. ಆಮೇಲೆ ರಸಮಟ್ಟದ ಗುಳ್ಳೆ ನೋಡಲು ಅವನೂ ಬಗ್ಗಿದ. "ಒಂಚೂರು ಎಡಗಡೆ," ಎಂದ. "ಇನ್ನೊಂಚೂರು. ಹಾಂ, ಅಲ್ಲೇ." ಹೊಸ ಕಂಬಿಗೆ ಜೋತುಬಿದ್ದು ನೋಡುವ ಸರದಿ ಬಂದಾಗ ತಾನೇ ಮುಂದೆ ಬಂದ. ನಮ್ಮೆಲ್ಲರಿಗಿಂತ ಅವನೇ ದಪ್ಪ. ಕಂಬಿ ಕದಲಲಿಲ್ಲ.

ಸಂಜೆ ಸ್ಕೂಟರಿನ ಸದ್ದಾಯಿತು.

ಚಿಕ್ಕಮ್ಮ ಪ್ಯಾಸೇಜಿನ ಕಂಬಿ ಹಿಡಿದು ನಡೆದಳು. ಈ ಸಲ ಭುಜ ಇದ್ದಲ್ಲೇ ಇತ್ತು. ಸ್ನಾನದಮನೆಯ ಬಾಗಿಲಲ್ಲಿ ತಿರುಗಿ, "ಯಾರೂ ಒಳಗೆ ಬರಬೇಡಿ," ಎಂದು ಬಾಗಿಲು ಎಳೆದುಕೊಂಡಳು.

ನಾವು ನಾಲ್ವರು ಹೊರಗೆ. ಒಳಗೆ ಚಪ್ಪಲಿ ಎಳೆದ ಸದ್ದು. ಸ್ಟೂಲು ಸರಿದ ಸದ್ದು. ನೀರು. ನೀರು ನಿಂತಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲದ್ದು ಬಹಳ ಹೊತ್ತು ಇತ್ತು. ಅಣ್ಣ ಬಾಗಿಲಿಗೆ ಕೈ ಹಾಕಿದ, ಫಿಸಿಯೋಥೆರಪಿ ಮೇಡಂ ಬೇಡವೆಂದು ತಲೆಯಾಡಿಸಿದರು. ನಾನು ಏನನ್ನೋ ಬಿಗಿಯಾಗಿ ಹಿಡಿದಿದ್ದೆ. ಅದು ಡಾಕ್ಟರ ಅಂಗಿಯ ತೋಳು ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಅವರು ಕೈಯನ್ನು ಸ್ವಲ್ಪ ಕೆಳಕ್ಕೆ ತಂದು, ನನ್ನ ಬೆರಳುಗಳು ತೋಳಿನಿಂದ ಜಾರಿ ಅಂಗೈಗೆ ಬರುವ ಹಾಗೆ ಮಾಡಿದರು. ಈ ಸಲ ಮುಂಚೆ ಹೇಳಲಿಲ್ಲ. ಆ ಸರ್‌ಪ್ರೈಸು ನನಗೆ ಬೇಡವೆನಿಸಲಿಲ್ಲ.

ಬಾಗಿಲು ತೆರೆಯಿತು. ಮುಖ ತೊಳೆದು, ಕೂದಲು ಒಪ್ಪಮಾಡಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಚಿಕ್ಕಮ್ಮ ನಿಂತಿದ್ದಳು.

"ಏನು, ಎಲ್ಲರೂ ಟಿಕೆಟ್ ಕ್ಯೂನಲ್ಲಿ ನಿಂತ ಹಾಗೆ ನಿಂತಿದೀರಾ," ಎಂದಳು. "ತಲೆ ಬಾಚ್ಕೋತಿದ್ದೆ."

ಫಿಸಿಯೋಥೆರಪಿ ಮೇಡಂ ನಕ್ಕು, "ಇಲ್ಲೇ ಇರಲಿ," ಎಂದರು. ಅಷ್ಟೇ. ಎರಡು ಪದ. ನಾನು ಇಷ್ಟು ವರ್ಷ ಬರೆದ ಯಾವ ವಾಕ್ಯವೂ ಯಾರನ್ನೂ ಅಷ್ಟು ಹಗುರ ಮಾಡಿರಲಾರದು. ಅಣ್ಣ ಹೋಗಿ ಮುಂಬಾಗಿಲ ಇಳಿಜಾರಿನ ಮೇಲೆ ಕೂತುಬಿಟ್ಟ. ನಾನು ಹತ್ತಿರ ಹೋ‌ದಾಗ ಕಣ್ಣೊರೆಸಿಕೊಳ್ಳುತ್ತಿದ್ದ. "ಆ ಮಂಚ ನಾನೇ ಇಟ್ಕೋತೀನಿ ಬಿಡು," ಎಂದ. "ನನ್ನ ಬೆನ್ನೂ ಸರಿಯಿಲ್ಲ."

*

ಎಲ್ಲರೂ ಹಾಲಿನಲ್ಲಿ ಕೂತು ಉಳಿದ ಬ್ರೆಡ್ಡು ತಿನ್ನುತ್ತಿರುವಾಗ ಡಾಕ್ಟರು ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ನಾನದಮನೆಗೆ ಹೋದರು. ನಾನೂ ಹಿಂದೆ ಹೋದೆ.

ಗೋಡೆಯ ಮೇಲೆ ಈಗ ಎರಡು ಕಂಬಿಗಳು. ಕೆಳಗೆ ಚಿಕ್ಕಮ್ಮನದು. ಮೇಲೆ ನಮ್ಮ ತಪ್ಪು.

"ಮೇಲಿನದನ್ನ ಈಗ ತೆಗೀತೀನಿ," ಎಂದರು ಅವರು. "ತೂತಿಗೆ ಬಿಳಿ ಸಿಮೆಂಟ್ ಮೆತ್ತಿದ್ರೆ ಗೊತ್ತಾಗಲ್ಲ." ಸ್ಕ್ರೂಡ್ರೈವರಿನ ತುದಿಯನ್ನು ಸ್ಕ್ರೂ ತಲೆಗೆ ಇಟ್ಟು, ನನ್ನ ಕಡೆ ತಿರುಗದೆಯೇ ಕೇಳಿದರು. "ತೆಗೀಲಾ?"

ನಾನು ಎರಡೂ ಕಡೆಯಿಂದ ಯೋಚಿಸಬೇಕೆಂದುಕೊಂಡೆ. ಇನ್ನೊಂದು ಕಡೆ ಸಿಗಲಿಲ್ಲ.

"ಬೇಡ," ಎಂದೆ.

"ಎರಡು ಯಾಕೆ?"

"ಅದು ನನ್ನ ಕೈಗೆ ಸರಿಯಾಗಿದೆ. ನಿಮ್ಮ ಕೈಗೂ ಸರಿಯಾಗಿದೆ, ನೋಡಿದೀನಿ. ಇನ್ನೊಂದಷ್ಟು ವರ್ಷ ಆದ್ಮೇಲೆ ನಮಗೂ ಬೇಕಾಗತ್ತೆ."

ಸ್ಕ್ರೂಡ್ರೈವರ್ ಕೆಳಗಿಳಿಯಿತು. ಅವರು ತಿರುಗಿದರು. ಕನ್ನಡಕದ ಮೇಲೆ ಟೈಲ್ಸಿನ ಬಿಳಿ ಧೂಳು ಕೂತಿತ್ತು. ಅದರ ಹಿಂದಿನಿಂದ ಅವರು ಬಾಗಿಲಲ್ಲಿ ಬೈಸಿಕೊಂಡ ದಿನಕ್ಕಿಂತಲೂ ಹೆಚ್ಚು ಗಮನವಿಟ್ಟು ನನ್ನನ್ನು ಕೇಳುತ್ತಿದ್ದರು.

"ಅಷ್ಟು ವರ್ಷದ ಮಾತು," ಎಂದರು ಮೆಲ್ಲಗೆ. "ಯೋಚನೆ ಮಾಡಿ ಹೇಳ್ತಿದೀರಾ?"

"ಯೋಚನೆ ಮಾಡದೆ ನಾನು ಏನೂ ಹೇಳಲ್ಲ. ನಿಮಗೆ ಬೇಡ ಅಂದ್ರೆ ತೆಗೀರಿ."

ಅವರು ಸ್ಕ್ರೂಡ್ರೈವರನ್ನು ಮತ್ತೆ ಎತ್ತಿದರು. ಆದರೆ ಸ್ಕ್ರೂವನ್ನು ಬಿಚ್ಚಲಿಲ್ಲ. ಹಲ್ಲು ಕಚ್ಚಿ, ಪೂರ್ತಿ ಬಲ ಹಾಕಿ, ಇನ್ನೊಂದು ಸುತ್ತು ಬಿಗಿಮಾಡಿದರು. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

"ಒಳಗೆ ಇನ್ನೂ ಎಷ್ಟು ಹೊತ್ತು?" ಎಂದು ಹಾಲಿನಿಂದ ಚಿಕ್ಕಮ್ಮ ಕೂಗಿದಳು.

"ಆಯ್ತು," ಎಂದೆ ನಾನು. ಆದರೆ ಕಂಬಿಯ ಇನ್ನೊಂದು ತುದಿಯ ಸ್ಕ್ರೂಗಳು ಬಾಕಿ ಇದ್ದವು. ಅವರು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. ಇಬ್ಬರೂ ಸೇರಿ ತಿರುಗಿಸಿದೆವು.